ಕೊಟ್ಟ ಭೂಮಿ ಕಿತ್ಕೊಂಡ ಕತೆ: ಅಮೆರಿಕಾದ ಅಂತರ್ಯುದ್ಧ ಮುಗಿದ ಮೇಲೆ ಏನಾಯ್ತು?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಸ್ಕೂಲ್ ಪುಸ್ತಕಗಳಲ್ಲಿ ಅಮೆರಿಕಾದ ಗುಲಾಮಗಿರಿ ಕತೆ ಎರಡು ಸಾಲಿಗೆ ಮುಗಿದುಹೋಗುತ್ತೆ. ಲಿಂಕನ್ ಅನ್ನೋ ಒಳ್ಳೆ ಅಧ್ಯಕ್ಷ ಗುಲಾಮರನ್ನ ಬಿಡುಗಡೆ ಮಾಡಿದರು, ಅವರನ್ನ ಗುಂಡಿಟ್ಟು ಕೊಂದರು. ಅಲ್ಲಿಂದ ಒಂದೇ ನೆಗೆತ, 1955ರ ರೋಸಾ ಪಾರ್ಕ್ಸ್ ಬಸ್ಸಿಗೆ, ಮಾರ್ಟಿನ್ ಲೂಥರ್ ಕಿಂಗ್ ಭಾಷಣಕ್ಕೆ. ನಡುವಿನ ತೊಂಬತ್ತು ವರ್ಷ ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ಕಪ್ಪು ಜನರಿಗೆ 1870ರಲ್ಲೇ ಸಂವಿಧಾನದಲ್ಲಿ ವೋಟಿನ ಹಕ್ಕು ಸಿಕ್ಕಿತ್ತು ಅಂದ್ರೆ, ಅದೇ ವೋಟಿಗಾಗಿ 1965ರಲ್ಲಿ ಸೆಲ್ಮಾದ ಸೇತುವೆ ಮೇಲೆ ಅವರು ಪೊಲೀಸರ ಲಾಠಿ ಏಟು ಯಾಕೆ ತಿನ್ನಬೇಕಾಯ್ತು?

ಉತ್ತರ ಇರೋದು 1865ರಿಂದ 1877ರವರೆಗಿನ ಹನ್ನೆರಡು ವರ್ಷದಲ್ಲಿ. ಅದನ್ನ ಅಲ್ಲಿ ‘ರೀಕನ್‌ಸ್ಟ್ರಕ್ಷನ್’ ಅಂತಾರೆ, ಪುನರ್ನಿರ್ಮಾಣ. ಒಡೆದ ದೇಶವನ್ನ ಮತ್ತೆ ಕಟ್ಟೋ ಕೆಲಸ. ಇದು ಸೋತುಹೋಯ್ತು ಅಂತ ಬಹಳ ಪುಸ್ತಕಗಳು ಹೇಳ್ತವೆ. ನಾನು ಓದಿ ತಿಳ್ಕೊಂಡಿದ್ದು ಬೇರೆ. ಅದು ತಾನಾಗಿ ಸೋಲಲಿಲ್ಲ, ಕೂತು ಲೆಕ್ಕ ಹಾಕಿ ಅದನ್ನ ಸೋಲಿಸಿದರು. ಹೇಗೆ ಸೋಲಿಸಿದರು ಅನ್ನೋದು ನಮಗೆ ಬಹಳ ಮುಖ್ಯ. ಯಾಕಂದ್ರೆ ನಮ್ಮ ಸಭೆಗಳಲ್ಲಿ ಎರಡು ಮಾತು ಪದೇ ಪದೇ ಬರುತ್ತೆ: ‘ಕಾನೂನು ಬಂದಾಯ್ತಲ್ಲ, ಇನ್ನೇನು’ ಅನ್ನೋರು ಒಂದು ಕಡೆ, ‘ಕಾನೂನು ಬರೀ ಕಾಗದ, ಅದರಿಂದ ಏನಾಗುತ್ತೆ’ ಅನ್ನೋರು ಇನ್ನೊಂದು ಕಡೆ.

ಮೊದಲು ಲೆಕ್ಕ. ಯುದ್ಧ ಶುರುವಾದಾಗ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. 1850, 1860ರ ಜನಗಣತಿಯಲ್ಲಿ ಅವರನ್ನ ಬೇರೆ ಪಟ್ಟಿಯಲ್ಲಿ ಬರೆದಿದ್ದಾರೆ. ಮಾಲೀಕನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿಲ್ಲ. ಅವರೆಲ್ಲರ ಹೆಸರು ಜನಗಣತಿಯಲ್ಲಿ ಮೊದಲ ಸಲ ಬಂದಿದ್ದು 1870ರಲ್ಲಿ. ಮದುವೆಗೂ ಕಾನೂನಿನ ಬೆಲೆ ಇರಲಿಲ್ಲ, ಗಂಡನನ್ನ ಒಬ್ಬನಿಗೆ, ಹೆಂಡತಿಯನ್ನ ಇನ್ನೊಬ್ಬನಿಗೆ ಮಾರಬಹುದಿತ್ತು. ಹಾಗಾಗಿ ಬಿಡುಗಡೆಯಾದ ತಕ್ಷಣ ಲಕ್ಷಾಂತರ ಜನ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕಳೆದುಹೋದ ಮಕ್ಕಳನ್ನ, ಗಂಡ ಹೆಂಡತಿಯನ್ನ ಹುಡುಕಿಕೊಂಡು ನಡೆದಿದ್ದು, ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದು, ಮದುವೆ ರಿಜಿಸ್ಟರ್ ಮಾಡಿಸಿಕೊಂಡಿದ್ದು. ರಿಜಿಸ್ಟರಿನಲ್ಲಿ ಹೆಸರು ಬರೋದು ಅಂದ್ರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ. ಬಿಡುಗಡೆಯನ್ನ ಯಾರೂ ಭಿಕ್ಷೆ ಹಾಕಲಿಲ್ಲ. ಹತ್ತಿರ ಹತ್ತಿರ 1,80,000 ಕಪ್ಪು ಜನ ಉತ್ತರದ ಸೈನ್ಯ ಸೇರಿ ಬಂದೂಕು ಹಿಡಿದರು. ತೋಟಗಳಲ್ಲಿದ್ದವರು ಕೆಲಸ ಬಿಟ್ಟು ಸೈನ್ಯದ ಕಡೆ ನಡೆದರು. ದಕ್ಷಿಣದ ಸಾಹುಕಾರರ ಬೆನ್ನು ಮುರಿದಿದ್ದು ಈ ಸಾರ್ವತ್ರಿಕ ಮುಷ್ಕರ ಅಂತ ಡುಬಾಯ್ಸ್ ವಾದ ಮಾಡ್ತಾರೆ. ಚಾರ್ಲ್ಸ್‌ಟನ್ ಬಂದರಿನಲ್ಲಿ ರಾಬರ್ಟ್ ಸ್ಮಾಲ್ಸ್ ಅನ್ನೋ ಗುಲಾಮ 1862ರ ಮೇ 13ರ ಬೆಳಗಿನ ಜಾವ ‘ಪ್ಲಾಂಟರ್’ ಅನ್ನೋ ಶತ್ರು ಹಡಗನ್ನೇ ನಡೆಸಿಕೊಂಡು ಹೋದ. ಕ್ಯಾಪ್ಟನ್ನಿನ ಹುಲ್ಲಿನ ಟೋಪಿ ಹಾಕ್ಕೊಂಡು, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು, ಕೋಟೆಗಳ ಮುಂದೆಯೇ ಸಿಗ್ನಲ್ ಕೊಡ್ತಾ ದಾಟಿ, ಹಡಗನ್ನ ಉತ್ತರದ ನೌಕಾಪಡೆಗೆ ಒಪ್ಪಿಸಿದ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತಾನೆ.

ಈಗ ಭೂಮಿಗೆ ಬರೋಣ. 1865ರ ಜನವರಿ 12, ಜಾರ್ಜಿಯಾದ ಸವಾನಾ ಊರು. ಊರು ಗೆದ್ದಿದ್ದ ಜನರಲ್ ಶೆರ್ಮನ್ ಮತ್ತು ಯುದ್ಧ ಮಂತ್ರಿ ಸ್ಟಾಂಟನ್ ಇಬ್ಬರೂ 20 ಜನ ಕಪ್ಪು ಪಾದ್ರಿ ಮುಖಂಡರನ್ನ ಕರೆಸಿ, ನಿಮ್ಮ ಜನಕ್ಕೆ ಏನು ಬೇಕು ಅಂತ ಕೇಳಿದರು. ಅವರ ಪರವಾಗಿ ಮಾತಾಡಿದ್ದು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ತನ್ನನ್ನೂ ಹೆಂಡತಿಯನ್ನೂ ಸಾವಿರ ಡಾಲರ್ ಚಿನ್ನ ಬೆಳ್ಳಿ ಕೊಟ್ಟು ತಾವೇ ಬಿಡಿಸಿಕೊಂಡಿದ್ದ ಹಿರಿಯರು. ಅವರು ದಾನ ಕೇಳಲಿಲ್ಲ, ದವಸ ಕೇಳಲಿಲ್ಲ. ನಮಗೆ ಭೂಮಿ ಇರಬೇಕು, ನಾವೇ ಉಳಬೇಕು, ಕೊಂಡು ನಮ್ಮದು ಮಾಡ್ಕೊಳ್ಳೋ ತನಕ ಬಿಡಿ ಅಂದರು. ಬಿಳಿಯರ ಜೊತೆ ಇರ್ತೀರಾ ಬೇರೆ ಇರ್ತೀರಾ ಅಂತ ಕೇಳಿದ್ದಕ್ಕೆ, ನಮ್ಮ ಮೇಲಿರೋ ದ್ವೇಷ ಹೋಗೋಕೆ ವರ್ಷಗಳೇ ಬೇಕು, ನಮ್ಮಷ್ಟಕ್ಕೆ ನಾವು ಇರ್ತೀವಿ ಅಂದರು. ಊರ ಜೊತೆ ಹೇಗಿರಬೇಕು ಅಂತ ನಮ್ಮಲ್ಲೂ ಮುಗಿಯದ ಚರ್ಚೆ ಇದೆಯಲ್ಲ, ಅದೇ ಪ್ರಶ್ನೆ.

ನಾಲ್ಕು ದಿನ ಬಿಟ್ಟು, ಜನವರಿ 16ಕ್ಕೆ ಶೆರ್ಮನ್‌ನ 15ನೇ ನಂಬರಿನ ವಿಶೇಷ ಆದೇಶ ಬಂತು. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಸಮುದ್ರದ ದ್ವೀಪಗಳು, ತೀರದಿಂದ 30 ಮೈಲಿ ಒಳಗಿನವರೆಗೆ ಮಾಲೀಕರು ಬಿಟ್ಟು ಓಡಿದ್ದ ಭತ್ತದ ಗದ್ದೆಗಳು, ಫ್ಲಾರಿಡಾದ ಸೇಂಟ್ ಜಾನ್ಸ್ ನದಿ ದಡ, ಇಷ್ಟೂ ಬಿಡುಗಡೆಯಾದವರಿಗೆ. ಕುಟುಂಬಕ್ಕೆ 40 ಎಕರೆ ಮೀರದಂತೆ. ಜೂನ್ ಹೊತ್ತಿಗೆ ಸುಮಾರು 40,000 ಜನ 4 ಲಕ್ಷ ಎಕರೆಯಲ್ಲಿ ನೆಲೆ ನಿಂತಿದ್ದರು. ‘ನಲವತ್ತು ಎಕರೆ ಮತ್ತು ಒಂದು ಹೇಸರಗತ್ತೆ’ ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ. ಆದೇಶದಲ್ಲಿ ಹೇಸರಗತ್ತೆ ಇಲ್ಲ, ಸೈನ್ಯದ ಮುದಿ ಪ್ರಾಣಿಗಳನ್ನ ಕೆಲವರಿಗೆ ಕೊಟ್ಟರು ಅಷ್ಟೇ.

ದಿನಾ ಫೈಲು ನೋಡೋ ಗುಮಾಸ್ತ ನಾನು, ಆದೇಶದ ಭಾಷೆ ನೋಡಿದೆ. ಕೊಡೋದು ಸ್ವಾಧೀನದ ಪತ್ರ, ಪೂರ್ತಿ ಹಕ್ಕಲ್ಲ. ಅದೂ ಅಮೆರಿಕಾ ಅಧ್ಯಕ್ಷರ ಒಪ್ಪಿಗೆಗೆ ಒಳಪಟ್ಟು. ದರಖಾಸ್ತು ಜಮೀನಿನ ಕಷ್ಟ ಗೊತ್ತಿರೋರಿಗೆ ಒಂದೇ ಮಾತಿನಲ್ಲಿ ಹೇಳ್ತೀನಿ: ಅದು ಸಾಗುವಳಿ ಚೀಟಿ. ಖಾತೆ ಆಗಿಲ್ಲ, ಪಹಣಿಯಲ್ಲಿ ಹೆಸರು ಕೂತಿಲ್ಲ. ಮೇಲಿನ ಸಾಹೇಬರು ಬದಲಾದರೆ ಮುಗೀತು.

ಸಾಹೇಬರು ಬದಲಾದರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆ ಆಯ್ತು, ಆಂಡ್ರ್ಯೂ ಜಾನ್ಸನ್ ಕುರ್ಚಿಗೆ ಬಂದ. ಮೇ 29ಕ್ಕೆ ದೇಶದ ವಿರುದ್ಧ ದಂಗೆ ಎದ್ದವರಿಗೆ ಕ್ಷಮಾದಾನ. ದೊಡ್ಡ ಸಾಹುಕಾರರು ಬೇರೆಯಾಗಿ ಅರ್ಜಿ ಹಾಕಬೇಕಿತ್ತು, ಹಾಕಿದರು, ಸಾವಿರಗಟ್ಟಲೆ ಜನಕ್ಕೆ ಮಂಜೂರೂ ಆಯ್ತು. ಕ್ಷಮೆಯ ಜೊತೆ ಜಮೀನೂ ವಾಪಸ್. ಬಿಡುಗಡೆಯಾದವರ ಕಷ್ಟಸುಖ ನೋಡೋಕೆ ಅದೇ ವರ್ಷ ಮಾರ್ಚಿನಲ್ಲಿ ‘ಫ್ರೀಡ್‌ಮೆನ್ಸ್ ಬ್ಯೂರೋ’ ಅಂತ ಇಲಾಖೆ ಮಾಡಿದ್ದರು. ಅದರ ಮುಖ್ಯಸ್ಥ ಜನರಲ್ ಹೋವರ್ಡ್ ಕೆಟ್ಟ ಮನುಷ್ಯನೇನಲ್ಲ. ಆದರೂ ಅಕ್ಟೋಬರಿನಲ್ಲಿ ಎಡಿಸ್ಟೋ ದ್ವೀಪಕ್ಕೆ ಹೋಗಿ, ಚರ್ಚಿನಲ್ಲಿ ತುಂಬಿದ್ದ ಜನಕ್ಕೆ ‘ಜಮೀನು ಬಿಡಬೇಕು, ಹಳೇ ಮಾಲೀಕರ ಹತ್ತಿರ ಕೂಲಿ ಒಪ್ಪಂದ ಮಾಡ್ಕೊಳ್ಳಿ, ಅವರನ್ನ ಕ್ಷಮಿಸಿ’ ಅಂತ ಹೇಳೋ ಕೆಲಸ ಅವನ ಪಾಲಿಗೆ ಬಂತು. ಜನ ಮಾತಾಡೋಕೆ ಬಿಡಲಿಲ್ಲ.

ಆಮೇಲೆ ಎಡಿಸ್ಟೋ ಜನ ಒಂದು ಸಮಿತಿ ಮಾಡಿ ಹೋವರ್ಡ್‌ಗೂ ಅಧ್ಯಕ್ಷನಿಗೂ ಮನವಿ ಬರೆದರು. ಹೆನ್ರಿ ಬ್ರಾಮ್, ಇಷ್ಮಾಯಿಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಅಂತ ಮೂರು ಜನರ ಸಹಿ. ಕಾಗುಣಿತ ತಪ್ಪುಗಳಿವೆ, ಆದರೆ ಅದಕ್ಕಿಂತ ಗಟ್ಟಿಯಾದ ರಾಜಕೀಯ ಬರಹ ನಾನು ಕಡಿಮೆ ಓದಿದ್ದೀನಿ. ಅದರ ತಾತ್ಪರ್ಯ ಇಷ್ಟು: ಕ್ಷಮಿಸಿ ಅಂತೀರಿ. ಯಾವನು ನನ್ನನ್ನ ಮರಕ್ಕೆ ಕಟ್ಟಿ 39 ಛಡಿ ಏಟು ಹೊಡೆದನೋ, ನನ್ನ ತಾಯಿಯನ್ನ ತಂಗಿಯನ್ನ ಬೆತ್ತಲೆ ಮಾಡಿ ಹೊಡೆದನೋ, ಅವನು ಹೇಳಿದ ಕೂಲಿಗೆ ದುಡಿಯದಿದ್ರೆ ಅವನ ಖಾಲಿ ಗುಡಿಸಲಲ್ಲೂ ಇರೋಕೆ ಬಿಡಲ್ಲವೋ, ಅವನನ್ನ ನಾನು ಕ್ಷಮಿಸೋಕೆ ಆಗಲ್ಲ. ಸರ್ಕಾರಕ್ಕೆ ನಿಷ್ಠರಾಗಿದ್ದವರು ನಾವು, ಬಂಡೆದ್ದವರು ಅವರು, ಜಮೀನು ಮಾತ್ರ ಅವರಿಗೆ.

ಜಮೀನು ಹೋಯ್ತು. ದ್ವೀಪಗಳ ಉಸ್ತುವಾರಿ ನೋಡ್ತಿದ್ದ ಜನರಲ್ ಸ್ಯಾಕ್ಸ್‌ಟನ್ ಕಿತ್ಕೊಳ್ಳೋಕೆ ಅಡ್ಡ ನಿಂತರು, 1866ರ ಜನವರಿಯಲ್ಲಿ ಅವರನ್ನೇ ತೆಗೆದುಹಾಕಿದರು. ಪರಿಹಾರದ ಮಾತು ಬಂತಲ್ಲ, ಇದನ್ನೂ ಕೇಳಿ. 1862ರಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಸರ್ಕಾರ ಪರಿಹಾರ ಕೊಟ್ಟಿತ್ತು. ಯಾರಿಗೆ? ಮಾಲೀಕರಿಗೆ, ತಲೆಗೆ 300 ಡಾಲರ್‌ವರೆಗೆ. ದುಡಿದು ಸತ್ತ ಗುಲಾಮನಿಗೆ 100 ಡಾಲರ್‌ವರೆಗೆ ಇತ್ತು, ಆದರೆ ದೇಶ ಬಿಟ್ಟು ಹೋಗೋಕೆ ಒಪ್ಪಿದ್ರೆ ಮಾತ್ರ.

ಭೂಮಿ ಇಲ್ಲದವನು ಮತ್ತೆ ಅದೇ ತೋಟಕ್ಕೆ ಹೋಗಲೇಬೇಕು. ಹೋಗದಿದ್ರೆ? ಅದಕ್ಕೂ ಕಾನೂನು ಮಾಡಿದರು. 1865ರ ಕೊನೆಗೆ ಮಿಸಿಸಿಪ್ಪಿ, ದಕ್ಷಿಣ ಕೆರೊಲಿನಾ ರಾಜ್ಯಗಳು ‘ಬ್ಲ್ಯಾಕ್ ಕೋಡ್’ ತಂದವು. ಮಿಸಿಸಿಪ್ಪಿಯಲ್ಲಿ ಪ್ರತಿ ಜನವರಿಗೆ ಕಪ್ಪು ಮನುಷ್ಯ ತನಗೆ ಕೆಲಸ ಇದೆ ಅನ್ನೋಕೆ ಬರಹದಲ್ಲಿ ದಾಖಲೆ ತೋರಿಸಬೇಕು, ಇಲ್ಲಾಂದ್ರೆ ಅಲೆಮಾರಿ ಅಂತ ದಂಡ. ದಂಡ ಕಟ್ಟೋಕೆ ಆಗದಿದ್ರೆ, ಯಾರು ಕಟ್ತಾರೋ ಅವರ ಹತ್ತಿರ ದುಡಿಯಬೇಕು. ಪೇಟೆ ಬಿಟ್ಟು ಹೊರಗೆ ಜಮೀನು ಗೇಣಿಗೂ ತಗೊಳ್ಳೋ ಹಾಗಿಲ್ಲ. ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿಯಲ್ಲೇ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಬಹುದು ಅಂತ ಒಂದು ಕಿಂಡಿ ಇತ್ತು. ಮುಂದೆ ಆ ಕಿಂಡಿಯಲ್ಲೇ ಕೈದಿಗಳನ್ನ ಗಣಿಗೆ, ರೈಲ್ವೆಗೆ, ತೋಟಕ್ಕೆ ಬಾಡಿಗೆಗೆ ಬಿಡೋ ದಂಧೆ ಬೆಳೀತು. ಉಳಿದವರಿಗೆ ಪಾಲು ಬೇಸಾಯ, ನಮ್ಮ ಕಡೆ ವಾರಕ್ಕೆ ಮಾಡೋದು, ಕೋರಿಗೆ ಮಾಡೋದು ಅಂತೀವಲ್ಲ, ಹಾಗೇ. ಬೀಜ, ಗೊಬ್ಬರ, ಹಿಟ್ಟು ಎಲ್ಲಾ ಸಾಲದ ಲೆಕ್ಕ. ಲೆಕ್ಕ ಬರೆಯೋನು ಮಾಲೀಕ ಅಥವಾ ಅಂಗಡಿಯವನು. ಸುಗ್ಗಿ ಮುಗಿದ ಮೇಲೆ ಸಾಲ ಮಾತ್ರ ಉಳಿಯುತ್ತೆ. ಇದಕ್ಕೆ ಕನ್ನಡದಲ್ಲಿ ಜೀತ ಅಂತ ಒಳ್ಳೆ ಪದ ಇದೆ.

ಇಷ್ಟಕ್ಕೇ ಕತೆ ಮುಗಿಯಲಿಲ್ಲ ಅನ್ನೋದೇ ಈ ಇತಿಹಾಸದ ವಿಶೇಷ. 1866ರ ಮೇನಲ್ಲಿ ಮೆಂಫಿಸ್‌ನಲ್ಲಿ 46 ಕಪ್ಪು ಜನರನ್ನ ಕೊಂದರು, ಜುಲೈನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಇನ್ನೊಂದು ಹತ್ಯಾಕಾಂಡ. ಉತ್ತರದ ಜನಕ್ಕೆ ಸಿಟ್ಟು ಬಂತು. ಪಾರ್ಲಿಮೆಂಟಿನಲ್ಲಿ ಥ್ಯಾಡಿಯಸ್ ಸ್ಟೀವನ್ಸ್ ತರಹದ ಕೆಲವು ಗಟ್ಟಿ ಮನುಷ್ಯರಿದ್ದರು. ದೊಡ್ಡ ಸಾಹುಕಾರರ ಜಮೀನು ಮುಟ್ಟುಗೋಲು ಹಾಕಿ ಉಳೋರಿಗೆ ಹಂಚಿ ಅಂದವರು ಇವರೇ. ಅದನ್ನ ಅವರ ಪಕ್ಷದವರೇ ಒಪ್ಪಲಿಲ್ಲ. ಸತ್ತಾಗ ಬಿಳಿಯರಿಗೆ ಮಾತ್ರ ಅಂತಿದ್ದ ಸ್ಮಶಾನ ಬೇಡ ಅಂತ, ಎಲ್ಲರಿಗೂ ಜಾಗ ಕೊಡೋ ಸ್ಮಶಾನದಲ್ಲೇ ಮಣ್ಣಾದರು. ಸ್ಮಶಾನದ ಜಾಗಕ್ಕೂ ಅರ್ಜಿ ಹಿಡಿದು ಅಲೆಯೋ ನಮಗೆ ಇದರ ತೂಕ ಗೊತ್ತು.

1866ರಲ್ಲಿ ನಾಗರಿಕ ಹಕ್ಕುಗಳ ಮೊದಲ ಕಾಯ್ದೆ ಬಂತು. ಜಾನ್ಸನ್ ಅದನ್ನ ವಿಟೋ ಮಾಡಿ ಕೊಟ್ಟ ಕಾರಣಗಳಲ್ಲಿ ಒಂದನ್ನ ಕೇಳಿದ್ರೆ ನಗು ಬರುತ್ತೆ: ಇದು ಬಿಳಿಯರ ವಿರುದ್ಧ ಕಪ್ಪು ಜನರಿಗೆ ವಿಶೇಷ ಸವಲತ್ತು ಕೊಡುತ್ತೆ ಅಂತೆ! ಗುಲಾಮಗಿರಿ ಸಂವಿಧಾನದಿಂದ ಹೋಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ‘ಮೀಸಲಾತಿ ಇನ್ನೂ ಎಷ್ಟು ವರ್ಷ’ ಅನ್ನೋ ನಮ್ಮ ಆಫೀಸ್ ಗೆಳೆಯರಿಗಿಂತ ಅವನು ಫಾಸ್ಟು. ಪಾರ್ಲಿಮೆಂಟು ವಿಟೋ ಮೀರಿ ಕಾಯ್ದೆ ಪಾಸು ಮಾಡ್ತು. 1867ರಲ್ಲಿ ದಕ್ಷಿಣದ ಹತ್ತು ರಾಜ್ಯಗಳನ್ನ ಸೈನ್ಯದ ಕೆಳಗೆ ತಂದು, ಕಪ್ಪು ಗಂಡಸರೂ ವೋಟು ಹಾಕಿ ಹೊಸ ಸಂವಿಧಾನ ಬರೀಬೇಕು ಅಂತ ಕಟ್ಟು ಮಾಡಿದರು. 1868ಕ್ಕೆ 14ನೇ ತಿದ್ದುಪಡಿ: ಈ ನೆಲದಲ್ಲಿ ಹುಟ್ಟಿದವರು ಇಲ್ಲಿನ ನಾಗರಿಕರು, ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ. 1870ಕ್ಕೆ 15ನೇದು, ಬಣ್ಣ ನೋಡಿ ವೋಟು ತಡೆಯೋ ಹಾಗಿಲ್ಲ. ಹೆಣ್ಣುಮಕ್ಕಳನ್ನ, ಕಪ್ಪಾಗಲಿ ಬಿಳಿಯಾಗಲಿ, ಹೊರಗೇ ಇಟ್ಟರು. ಅದು ಈ ಕಾಲದ ದೊಡ್ಡ ಕೊರತೆ.

ಹೊಲದಲ್ಲಿ ದುಡಿಯುತ್ತಿದ್ದವರು ಅಧಿಕಾರ ಹಿಡಿದಾಗ ಏನು ಮಾಡಿದರು? ಸುಮಾರು 2,000 ಕಪ್ಪು ಜನ ಬೇರೆ ಬೇರೆ ಹುದ್ದೆಗಳಿಗೆ ಬಂದರು. 16 ಮಂದಿ ಪಾರ್ಲಿಮೆಂಟಿಗೆ ಹೋದರು. ದಂಗೆಕೋರರ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ರಾಜ್ಯ ಮಿಸಿಸಿಪ್ಪಿಯಿಂದಲೇ ಹೈರಮ್ ರೆವೆಲ್ಸ್ 1870ರಲ್ಲಿ ಸೆನೆಟ್ಟಿಗೆ ಹೋದರು. ಹಡಗು ಹೊಡ್ಕೊಂಡು ಹೋದ ನಮ್ಮ ಸ್ಮಾಲ್ಸ್ ಪಾರ್ಲಿಮೆಂಟ್ ಸದಸ್ಯರಾದರು, ತಾವು ಗುಲಾಮರಾಗಿದ್ದ ಮನೆಯನ್ನೇ ತೆರಿಗೆ ಹರಾಜಿನಲ್ಲಿ ಕೊಂಡರು. ದಕ್ಷಿಣ ಕೆರೊಲಿನಾದ ಕೆಳಮನೆಯಲ್ಲಿ ಕಪ್ಪು ಜನರದ್ದೇ ಬಹುಮತ. ಆ ಸರ್ಕಾರ ಜಮೀನು ಕೊಂಡು ಸಾವಿರಾರು ಕುಟುಂಬಗಳಿಗೆ ಕಂತಿನಲ್ಲಿ ಹಂಚಿತು. ಇನ್ನು ಶಾಲೆ. ಗುಲಾಮರಿಗೆ ಓದು ಕಲಿಸೋದೇ ಅಪರಾಧವಾಗಿದ್ದ ರಾಜ್ಯಗಳಲ್ಲಿ ಇಡೀ ರಾಜ್ಯಕ್ಕೆ ಸರ್ಕಾರಿ ಶಾಲೆ ಅನ್ನೋ ವ್ಯವಸ್ಥೆ ತಂದಿದ್ದು ಈ ಸರ್ಕಾರಗಳು. ಬಡ ಬಿಳಿಯರ ಮಕ್ಕಳೂ ಅದರಿಂದಲೇ ಓದಿದ್ದು. 1870ರಲ್ಲಿ ಕಪ್ಪು ಜನರಲ್ಲಿ ಸುಮಾರು ಶೇ. 80 ಅನಕ್ಷರಸ್ಥರು, 1900ಕ್ಕೆ ಅದು ಶೇ. 45ಕ್ಕೆ ಇಳಿದಿತ್ತು. ಭ್ರಷ್ಟಾಚಾರ ಇತ್ತು ಅಂತಾರೆ, ಇತ್ತು ನಿಜ. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಬಾಸ್ ಟ್ವೀಡ್ ಅನ್ನೋ ಬಿಳಿಯ ಮುಖಂಡ ಊರನ್ನೇ ನುಂಗಿ ಜೈಲಿಗೆ ಹೋದ. ಅದಕ್ಕಾಗಿ ಬಿಳಿಯರಿಗೆ ಆಳೋಕೆ ಯೋಗ್ಯತೆ ಇಲ್ಲ ಅಂತ ಯಾರೂ ಬರೆಯಲಿಲ್ಲ.

ಸೋಲಿಸಿದ್ದು ಹೇಗೆ ಅಂತ ಈಗ ನೋಡಿ. ಮೊದಲು ಕೊಲೆ. 1866ರ ಹೊತ್ತಿಗೆ ಟೆನ್ನೆಸ್ಸಿಯಲ್ಲಿ ಕು ಕ್ಲಕ್ಸ್ ಕ್ಲಾನ್ ಹುಟ್ಟಿತು. ಮೇಷ್ಟ್ರು, ವೋಟುದಾರರು, ಮುಖಂಡರು, ಸ್ವಂತ ಜಮೀನು ಮಾಡಿದವರು, ಆರಿಸಿ ಆರಿಸಿ ಹೊಡೆದರು. ಆದರೆ ಇಲ್ಲೊಂದು ಗಮನಿಸಬೇಕಾದ ವಿಷಯ ಇದೆ. 1870ರಲ್ಲಿ ನ್ಯಾಯಾಂಗ ಇಲಾಖೆ ಶುರುವಾಯ್ತು, 1871ರಲ್ಲಿ ಕ್ಲಾನ್ ವಿರುದ್ಧ ಕಾಯ್ದೆ ಬಂತು. ಅಧ್ಯಕ್ಷ ಗ್ರಾಂಟ್ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಹೇಬಿಯಸ್ ಕಾರ್ಪಸ್ ಅಮಾನತು ಮಾಡಿ ಸೈನ್ಯ ಕಳಿಸಿ ನೂರಾರು ಜನರನ್ನ ಹಿಡಿಸಿದರು. 1872ರ ಹೊತ್ತಿಗೆ ಕ್ಲಾನ್ ಮುರಿದು ಬಿತ್ತು. ‘ದ್ವೇಷ ಮನಸ್ಸಿನಲ್ಲಿರುತ್ತೆ, ಕಾನೂನಿಂದ ಹೋಗಲ್ಲ’ ಅಂತ ಉಪದೇಶ ಮಾಡೋರು ಇದನ್ನ ಓದಬೇಕು. ಮನಸ್ಸು ಬದಲಾಗಲಿಲ್ಲ, ಕೈ ಮಾತ್ರ ನಿಂತಿತು. ಸಾಕಲ್ಲ, ಜೀವ ಉಳೀತು.

ಆಮೇಲೆ ಸರ್ಕಾರಕ್ಕೇ ಬೇಜಾರು ಬಂತು. 1873ರಲ್ಲಿ ಆರ್ಥಿಕ ಕುಸಿತ ಆದ ಮೇಲೆ ಉತ್ತರದವರಿಗೆ ಕಪ್ಪು ಜನರ ವಿಷಯ ಹಳೇ ರಗಳೆ ಆಯ್ತು. ಆ ವರ್ಷ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಸಿಯಾನಾದ ಕಾಲ್‌ಫ್ಯಾಕ್ಸ್‌ನಲ್ಲಿ ಕೋರ್ಟ್ ಕಟ್ಟಡ ಕಾಯುತ್ತಿದ್ದ ಕಪ್ಪು ಜನರ ಮೇಲೆ ಬಿಳಿಯರ ಪಡೆ ಬಿತ್ತು. ಬೆಂಕಿ ಹಚ್ಚಿದರು, ಶರಣಾದವರನ್ನೂ ಕೊಂದರು. ಸತ್ತವರ ಲೆಕ್ಕ 60ರಿಂದ 150ರವರೆಗೆ ಹೇಳ್ತಾರೆ. 97 ಜನರ ಮೇಲೆ ಕೇಸು, 9 ಜನರ ವಿಚಾರಣೆ, 3 ಜನಕ್ಕೆ ಶಿಕ್ಷೆ. 1876ರಲ್ಲಿ ಕ್ರುಯಿಕ್‌ಶ್ಯಾಂಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡ್ತು. 14ನೇ ತಿದ್ದುಪಡಿ ರಾಜ್ಯ ಸರ್ಕಾರವನ್ನ ಕಟ್ಟಿಹಾಕುತ್ತೆ, ಖಾಸಗಿ ವ್ಯಕ್ತಿಗಳನ್ನಲ್ಲ ಅಂತ. ಕಂಬಾಲಪಲ್ಲಿ ಆರೋಪಿಗಳು ಬಿಡುಗಡೆಯಾಗಿದ್ದನ್ನ ನೋಡಿದ ನಮಗೆ ಈ ತೀರ್ಪು ಹೊಸದಲ್ಲ. ಕಾಲ್‌ಫ್ಯಾಕ್ಸ್‌ನಲ್ಲಿ ಆಮೇಲೆ ಕೊಂದವರನ್ನ ಹೊಗಳೋ ಫಲಕ ನೆಟ್ಟಿದ್ದರು, ಅದನ್ನ ಕಿತ್ತಿದ್ದು 2021ರಲ್ಲಿ.

1876ರ ಅಧ್ಯಕ್ಷ ಚುನಾವಣೆ ತಕರಾರಾಯ್ತು. ಒಳಗೊಳಗೇ ರಾಜಿ. ಹೇಯ್ಸ್ ಅಧ್ಯಕ್ಷನಾದ, 1877ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾ, ಲೂಸಿಯಾನಾ ವಿಧಾನಸಭೆಗಳ ಕಾವಲಿಗಿದ್ದ ಸೈನ್ಯ ಹಿಂದೆ ಹೋಯ್ತು. ಉತ್ತರ ದಕ್ಷಿಣದ ಬಿಳಿಯರು ಅಣ್ಣತಮ್ಮಂದಿರಾದರು. ಬೆಲೆ ಕೊಟ್ಟಿದ್ದು ಯಾರು ಅಂತ ಹೇಳಬೇಕಿಲ್ಲ.

ಆಮೇಲಿನದು ಬೇಗ ಹೇಳಿಬಿಡ್ತೀನಿ. ಹೋಟೆಲು, ರೈಲು, ನಾಟಕಶಾಲೆಗಳಲ್ಲಿ ಭೇದ ಮಾಡಬಾರದು ಅಂತ 1875ರಲ್ಲಿ ಕಾಯ್ದೆ ಬಂದಿತ್ತು. 1883ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕ್ತು. ಗುಲಾಮಗಿರಿಯಿಂದ ಬಂದವನು ಯಾವಾಗಲಾದರೂ ಒಂದು ದಿನ ಕಾನೂನಿನ ಮುದ್ದಿನ ಮಗುವಾಗಿರೋದು ನಿಲ್ಲಿಸಿ ಬರೀ ನಾಗರಿಕ ಆಗಬೇಕಲ್ಲ, ಅನ್ನೋ ಅರ್ಥದಲ್ಲಿ ತೀರ್ಪು ಬರೆದರು. ಹದಿನೆಂಟೇ ವರ್ಷಕ್ಕೆ! ಮಿಸಿಸಿಪ್ಪಿ 1890ರಲ್ಲಿ ವೋಟಿಗೆ ತೆರಿಗೆ, ಓದಿನ ಪರೀಕ್ಷೆ ಇಟ್ಟಿತು. ಲೂಸಿಯಾನಾ 1898ರಲ್ಲಿ, ಅಪ್ಪನೋ ತಾತನೋ 1867ರ ಮೊದಲು ವೋಟುದಾರ ಆಗಿದ್ರೆ ಪರೀಕ್ಷೆ ಬೇಡ ಅಂತು. ಬಣ್ಣದ ಹೆಸರೇ ಎತ್ತಲಿಲ್ಲ ನೋಡಿ. ಲೂಸಿಯಾನಾದಲ್ಲಿ 1896ರಲ್ಲಿ ಕಪ್ಪು ವೋಟುದಾರರು 1,30,334. 1904ರಲ್ಲಿ 1,342. ದಕ್ಷಿಣ ಕೆರೊಲಿನಾ ಇದೇ ಕೆಲಸಕ್ಕೆ 1895ರಲ್ಲಿ ಸಭೆ ಕರೆದಾಗ, ಒಳಗಿದ್ದ ಆರು ಜನ ಕಪ್ಪು ಪ್ರತಿನಿಧಿಗಳಲ್ಲಿ ರಾಬರ್ಟ್ ಸ್ಮಾಲ್ಸ್ ಒಬ್ಬರು. ಎದ್ದು ನಿಂತು ವಿರೋಧಿಸಿದರು, ಸೋತರು.

ಅದರ ಮೇಲೆ ಇತಿಹಾಸವನ್ನೂ ಅವರೇ ಬರೆದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಡನ್ನಿಂಗ್ ಮತ್ತು ಅವನ ಶಿಷ್ಯರು, ಯೋಗ್ಯತೆ ಇಲ್ಲದವರಿಗೆ ವೋಟು ಕೊಟ್ಟಿದ್ದೇ ಅನಾಹುತ ಅಂತ ರಾಜ್ಯಕ್ಕೊಂದು ಪುಸ್ತಕ ಬರೆದರು. 1915ರಲ್ಲಿ ಗ್ರಿಫಿತ್ ಅದನ್ನೇ ‘ಬರ್ತ್ ಆಫ್ ಎ ನೇಷನ್’ ಅಂತ ಸಿನಿಮಾ ಮಾಡಿ ಕ್ಲಾನ್‌ನವರನ್ನ ಹೀರೋ ಮಾಡಿದ, ಅಧ್ಯಕ್ಷರ ಮನೆಯಲ್ಲೇ ತೋರಿಸಿದರು. ಸಿನಿಮಾ ಬಂದ ಆ ವರ್ಷ, ಡನ್ನಿಂಗ್ ಪಾಠ ಮಾಡುತ್ತಿದ್ದ ಅದೇ ಕೊಲಂಬಿಯಾದಲ್ಲಿ ಒಬ್ಬ ಮಹಾರ್ ಹುಡುಗ ಓದ್ತಿದ್ದರು, 1913ರಿಂದ 1916ರವರೆಗೆ. ನಮ್ಮ ಬಾಬಾಸಾಹೇಬರು. 1935ರಲ್ಲಿ ಡುಬಾಯ್ಸ್ ತಮ್ಮ ದೊಡ್ಡ ಪುಸ್ತಕ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಬರೆದು ಈ ಸುಳ್ಳನ್ನ ಎಳೆಎಳೆಯಾಗಿ ಬಿಡಿಸಿದರು.

ನಮ್ಮವರಿಗೆ ಈ ಕತೆ ಮೊದಲಿಂದ ಗೊತ್ತಿತ್ತು. ಜ್ಯೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನ ಗುಲಾಮಗಿರಿ ತೆಗೆದ ಅಮೆರಿಕಾದ ಒಳ್ಳೆ ಜನಕ್ಕೆ ಅರ್ಪಿಸಿದರು. ಕಾಲ್‌ಫ್ಯಾಕ್ಸ್‌ನಲ್ಲಿ ಹೆಣ ಬಿದ್ದ ವರ್ಷವೂ ಅದೇ. ಬಾಬಾಸಾಹೇಬರು 1945ರ ‘ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು’ ಪುಸ್ತಕದಲ್ಲಿ, ಯುದ್ಧ ಮುಗಿದ ಮೇಲೆ ನೀಗ್ರೋಗಳಿಗೆ ಆದ ಗತಿಯನ್ನ ಅಸ್ಪೃಶ್ಯರು ಮರೆಯೋಕಾಗಲ್ಲ ಅಂತ ಎಚ್ಚರಿಸಿದರು. 1946ರಲ್ಲಿ ಡುಬಾಯ್ಸ್‌ಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ನೀಗ್ರೋಗಳು ಕೊಡ್ತಿರೋ ಮನವಿಯ ಪ್ರತಿ ಕೇಳಿದರು.

ಈಗ ನಮ್ಮ ಸಂವಿಧಾನದ 14ನೇ ವಿಧಿ ತೆಗೆದು ನೋಡಿ, ಕಾನೂನಿನ ಸಮಾನ ರಕ್ಷಣೆ ಅನ್ನೋ ಮಾತು ಅಮೆರಿಕಾದ 14ನೇ ತಿದ್ದುಪಡಿಯಿಂದ ಬಂದಿದ್ದು. ಆದರೆ 15(2) ನೋಡಿ: ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ. 17 ನೋಡಿ: ಅಸ್ಪೃಶ್ಯತೆ ಯಾವ ರೂಪದಲ್ಲಿದ್ರೂ ನಿಷೇಧ. ಸರ್ಕಾರ ಮಾತ್ರ ಅಲ್ಲ, ಬಾವಿಕಟ್ಟೆ ಮೇಲೆ ನಿಂತು ತಡೆಯೋ ಊರಿನವನಿಗೂ ಅನ್ವಯ ಆಗುತ್ತೆ. ಅಲ್ಲಿ 1876, 1883ರಲ್ಲಿ ಯಾವ ಸಂದಿಯಲ್ಲಿ ನುಸುಳಿದರೋ, ಆ ಸಂದಿಯನ್ನ ಇಲ್ಲಿ ಬರವಣಿಗೆಯಲ್ಲೇ ಮುಚ್ಚಿದ್ದಾರೆ. ಕಾಗದ ಬರೀ ಕಾಗದ ಅನ್ನೋ ಗೆಳೆಯರಿಗೆ ಇನ್ನೊಂದು ಮಾತು. ಅಲ್ಲಿ ಸತ್ತೇ ಹೋಯ್ತು ಅಂದುಕೊಂಡಿದ್ದ 14ನೇ ತಿದ್ದುಪಡಿಯನ್ನೇ ಹಿಡ್ಕೊಂಡು 1954ರಲ್ಲಿ ಬ್ರೌನ್ ಕೇಸಿನಲ್ಲಿ ಶಾಲೆಗಳ ಬಾಗಿಲು ತೆಗೆಸಿದರು.

ಭೂಮಿಯ ಪ್ರಶ್ನೆ ಮಾತ್ರ ಎರಡೂ ಕಡೆ ಹಾಗೇ ಇದೆ. ಬಾಬಾಸಾಹೇಬರು 1947ರಲ್ಲಿ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ, ಬೇಸಾಯ ಸರ್ಕಾರದ ಉದ್ದಿಮೆ ಆಗಬೇಕು, ಭೂಮಿಯನ್ನ ಸರ್ಕಾರ ತಗೊಂಡು ಜಾತಿ ನೋಡದೆ ಊರಿನವರಿಗೆ ಉಳೋಕೆ ಕೊಡಬೇಕು, ಇದನ್ನ ಸಂವಿಧಾನದಲ್ಲೇ ಬರೀಬೇಕು ಅಂದಿದ್ದರು. ಬರೆಯಲಿಲ್ಲ. ಆ ಬರಹ ಅವರ ಇಂಗ್ಲಿಷ್ ಸಂಪುಟಗಳಲ್ಲಿ ಮೊದಲನೆಯದರಲ್ಲೇ ಇದೆ, ಚಿಕ್ಕದು, ಎರಡು ಸಂಜೆಗೆ ಓದಿ ಮುಗಿಸಬಹುದು. ಎಡಿಸ್ಟೋ ದ್ವೀಪದವರ ಮನವಿ ಪಕ್ಕದಲ್ಲಿಟ್ಟುಕೊಂಡು ಓದಿ. ನಿಮ್ಮ ಊರಿನಲ್ಲಿ ಮಂಜೂರಾದ ಜಮೀನು ಈಗ ಯಾರ ಕೈಯಲ್ಲಿದೆ ಅಂತ ಗೊತ್ತಿದ್ದವರು ಕಮೆಂಟಿನಲ್ಲಿ ಬರೀರಿ. ಹೆಸರು ಬೇಡ, ಎಷ್ಟು ಎಕರೆ, ಯಾವ ವರ್ಷ, ಹೇಗೆ ಹೋಯ್ತು ಅಂತ ಬರೆದರೆ ಸಾಕು.

ಜೈಭೀಮ್.